ಹಾಡಿನ ಮೂಲಕ ಹಿರಿಯರು ಮತ್ತು ಕಿರಿಯರು

ವೃದ್ಧಾಪ್ಯವು ರೋಗವಲ್ಲ, ಅದು ಮಾನವ ಜೀವನದ ಒಂದು ಸಹಜ ಅವಸ್ಥೆ. ಈ ಅವಸ್ಥೆಯನ್ನು ತಲುಪುವವರ ಸಂಖ್ಯೆಯು ನಮ್ಮ ದೇಶದಲ್ಲಿ ಹಿಂದೆಂದೂ ಇಲ್ಲದಷ್ಟು ಹೆಚ್ಚಿರುತ್ತದೆ. ೧೯೭೦–೭೫ರ ಅವಧಿಯಲ್ಲಿ ಭಾರತೀಯರ ಸರಾಸರಿ ಆಯುರ್ಮಾನವು ಐವತ್ತು ವರ್ಷಗಳಿಗಿಂತ ತುಸು ಕಡಿಮೆಯಿದ್ದಿತು. ೨೦೧೬–೨೦ರ ವೇಳೆಗೆ ಅದು ೭೦ ವರ್ಷಗಳನ್ನು ಮುಟ್ಟಿತು. ೨೦೧೧ರ ಜನಗಣತಿಯಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಅಧಿಕವಾಗಿದ್ದರು. ಇದೇ ಕಾಲದಲ್ಲಿ ಕುಟುಂಬಗಳು ಚಿಕ್ಕವಾದುವು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆಯ ದರವು ೧.೭ ಎಂದು ಕಂಡುಬಂದಿತು. ಎಂದರೆ ಒಬ್ಬ ತಾಯಿಗೆ ಸರಾಸರಿ ಎರಡಕ್ಕಿಂತಲೂ ಕಡಿಮೆ ಮಕ್ಕಳು.

ಈ ಎರಡು ಅಂಕಿಗಳನ್ನು ಜೊತೆಯಾಗಿರಿಸಿ ನೋಡಬೇಕು. ಅಜ್ಜಿಯೂ ಮೊಮ್ಮಕ್ಕಳೂ ಕೂಡಿ ಬದುಕುವ ವರ್ಷಗಳು ಹೆಚ್ಚಿವೆ. ಆದರೆ ಒಬ್ಬ ಅಜ್ಜಿಗೆ ಇರುವ ಮೊಮ್ಮಕ್ಕಳು ಕಡಿಮೆಯಾಗಿದ್ದಾರೆ. ಹತ್ತು ಮೊಮ್ಮಕ್ಕಳಿದ್ದ ಮನೆಯಲ್ಲಿ ಯಾರೂ ಕಲಿಸದಿದ್ದರೂ ಯಾರಾದರೊಬ್ಬರ ಬಾಯಿಗೆ ಅಜ್ಜಿಯ ಹಾಡು ಬರುತ್ತಿತ್ತು. ಇಬ್ಬರೇ ಇರುವ ಮನೆಯಲ್ಲಿ, ಅವರಲ್ಲೊಬ್ಬನು ಹುಬ್ಬಳ್ಳಿಯ ವಸತಿ ನಿಲಯದಲ್ಲಿಯೂ ಇನ್ನೊಬ್ಬಳು ಗೋವೆಯ ಕೆಲಸದಲ್ಲಿಯೂ ಇದ್ದರೆ, ಹಾಡು ಅಜ್ಜಿಯ ಬಾಯಲ್ಲಿಯೇ ಉಳಿಯುವುದು. ಚಿಕ್ಕ ಕುಟುಂಬದ ಹಿತವನ್ನು ಮನೆಮನೆಗೆ ತಿಳಿಸಿದ ನಾವು ಅದರ ಈ ಪರಿಣಾಮವನ್ನೂ ಕುರಿತು ಯೋಚಿಸುವುದು ನ್ಯಾಯವಾದುದು.

ಇದು ಹಾಡುಗಳ ಸಂಗ್ರಹದ ಪ್ರಶ್ನೆ ಮಾತ್ರವಾಗಿದ್ದಲ್ಲಿ ಆರೋಗ್ಯ ಪುಸ್ತಿಕೆಯಲ್ಲಿ ಅದಕ್ಕೆ ಎಡೆಯಿರುತ್ತಿರಲಿಲ್ಲ. ಒಂಟಿತನವು ದೇಹಕ್ಕೂ ಕೇಡು ಮಾಡುತ್ತದೆಂಬುದು ಈಗ ಸ್ಥಿರಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು ೨೦೨೫ರ ಜೂನ್‌ನಲ್ಲಿ ಹೊರಡಿಸಿದ ವರದಿಯಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ಹಿರಿಯರಷ್ಟೇ ಅಲ್ಲ, ೧೩ರಿಂದ ೨೯ ವರ್ಷದೊಳಗಿನವರಲ್ಲಿಯೂ ಶೇಕಡಾ ೧೭ರಿಂದ ೨೧ರಷ್ಟು ಮಂದಿ ತಮಗೆ ಒಂಟಿತನ ಕಾಡುತ್ತದೆಂದು ಹೇಳಿರುತ್ತಾರೆ. ಹೀಗೆ ಒಂದೇ ಮನೆಯ ಜಗಲಿಯ ಮೇಲೊಬ್ಬರು, ಒಳಗಿನ ಕೋಣೆಯಲ್ಲಿ ಫೋನು ಹಿಡಿದು ಇನ್ನೊಬ್ಬರು, ಇಬ್ಬರೂ ಒಂಟಿಯಾಗಿರುವುದನ್ನು ನಮ್ಮ ಕಾರ್ಯಕರ್ತೆಯರು ದಿನವೂ ಕಾಣುತ್ತಾರೆ.

ಅಜ್ಜಿಗೆ ನಾವು ಕೇಳಿದ ಪ್ರಶ್ನೆಗಳು

ಆರೋಗ್ಯ ಸಹಾಯಕಿಯಾಗಲಿ ಆಶಾ ಕಾರ್ಯಕರ್ತೆಯಾಗಲಿ ಒಂದು ಮನೆಯ ಹೊಸ್ತಿಲು ದಾಟಿದಾಗ ಅಜ್ಜಿಯೊಡನೆ ಏನು ಮಾತನಾಡುತ್ತಾಳೆಂಬುದನ್ನು ನೆನೆದು ನೋಡಿ. ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ. ಹೊಕ್ಕುಳಿಗೆ ಬೂದಿ ಹಚ್ಚಬೇಡಿ. ಬಾಣಂತಿಗೆ ಸೊಪ್ಪು ತರಕಾರಿ ನಿಲ್ಲಿಸಬೇಡಿ. ಇವೆಲ್ಲವೂ ಸರಿಯಾದ ಮಾತುಗಳು. ಇವುಗಳಿಂದ ಶಿಶುಗಳ ಪ್ರಾಣ ಉಳಿದಿದೆ. ಆದರೆ ಎರಡು ತಲೆಮಾರುಗಳ ಕಾಲ ಅಜ್ಜಿಯು ಸೊಸೆಯ ಎದುರಿಗೆ, ಮೊಮ್ಮಕ್ಕಳ ಎದುರಿಗೆ, ನಮ್ಮಿಂದ ಕೇಳಿದ್ದು ಬಹುಮಟ್ಟಿಗೆ ‘ಬೇಡಿ’ ಎಂಬುದನ್ನೇ. ಆಕೆಗೆ ಏನು ಗೊತ್ತಿದೆ ಎಂದು ನಾವು ಕೇಳಿದ್ದು ವಿರಳ. ಮನೆಯ ಕಿರಿಯರೂ ನಮ್ಮಿಂದ ಇದನ್ನೇ ಕಲಿತಿದ್ದರೆ ಆಶ್ಚರ್ಯವಿಲ್ಲ.

ಆದುದರಿಂದ ಈ ಪಾಠದ ತಿರುಳನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹಾಡು ಹಿರಿಯರನ್ನೂ ಕಿರಿಯರನ್ನೂ ಕೂಡಿಸಬೇಕಾದರೆ ಹಿರಿಯರು ಕೊಡುವ ಸ್ಥಾನದಲ್ಲಿರಬೇಕು. ಅವರ ಮನಸ್ಸು ಸಂತೋಷಪಡಲೆಂದು ಕಿರಿಯರು ಹಾಡಿ ತೋರಿಸುವುದು ಸೌಜನ್ಯವಿರಬಹುದು, ಅದರಿಂದ ಸಂಬಂಧ ಬೆಳೆಯದು. ಕಿರಿಯರಿಗೆ ತಿಳಿಯದ, ಹಿರಿಯರಿಗೆ ಮಾತ್ರ ತಿಳಿದ ಒಂದು ವಸ್ತುವಿದ್ದು, ಅದಕ್ಕಾಗಿ ಮಗು ಅಜ್ಜಿಯ ಬಳಿಗೆ ಹೋಗಬೇಕಾದಾಗಲೇ ಸಂಬಂಧ ಹುಟ್ಟುವುದು.

ಒಮ್ಮೆ ಹಿರಿಯರ ದಿನವೆಂದು ನಾವೇ ಒಂದು ಸಮಾರಂಭವನ್ನು ಏರ್ಪಡಿಸಿದ್ದುಂಟು. ಹಿರಿಯರನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳ್ಳಿರಿಸಿ, ಶಾಲು ಹೊದಿಸಿ, ಹಣ್ಣು ಕೊಟ್ಟೆವು. ಧ್ವನಿವರ್ಧಕದಲ್ಲಿ ಮಕ್ಕಳು ಸಿನಿಮಾ ಹಾಡುಗಳನ್ನು ಹಾಡಿದರು. ಮುದುಕಿಯರು ಕೆಲವರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ನಡುವೆ ವಿದ್ಯುತ್ತು ಹೋಯಿತು. ಆಗ ಒಬ್ಬ ಅಜ್ಜನು ಮುಂದಿದ್ದ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಬೆರಳುಗಳಿಂದ ಒಂದು ಗತ್ತನ್ನು ನುಡಿಸತೊಡಗಿದನು. ಹುಡುಗರು ಮೊದಲು ನಕ್ಕರು, ಆಮೇಲೆ ತಾವೂ ಬೆಂಚಿನ ಮೇಲೆ ಬಾರಿಸಲು ಪ್ರಯತ್ನಿಸಿದರು. ‘ಹಂಗಲ್ರೋ, ತಡೀರಿ’ ಎಂದು ಅಜ್ಜನು ಎದ್ದು ಹೋಗಿ ಒಬ್ಬನ ಕೈ ಹಿಡಿದು ತಿದ್ದಿದನು. ಆ ದಿನದ ಸಮಾರಂಭದಲ್ಲಿ ಉಪಯೋಗವಾದದ್ದು ವಿದ್ಯುತ್ತಿಲ್ಲದ ಆ ಕಾಲು ಗಂಟೆ ಮಾತ್ರವೆಂದು ನನ್ನ ಅಭಿಪ್ರಾಯ.

ಡಮಾಮಿಯ ಸುತ್ತ

ಇದಕ್ಕೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಳಿಯಾಳ, ಮುಂಡಗೋಡ, ಜೋಯಿಡಾ ಮತ್ತು ನೆರೆಯ ಯಲ್ಲಾಪುರದ ಅರಣ್ಯದಂಚಿನ ಊರುಗಳಲ್ಲಿ ಸಿದ್ದಿ ಜನಾಂಗದವರು ವಾಸಿಸುತ್ತಾರೆ. ಇವರ ಪೂರ್ವಿಕರು ಆಫ್ರಿಕದಿಂದ ಪಶ್ಚಿಮ ಕರಾವಳಿಗೆ ತರಲ್ಪಟ್ಟವರು. ಪೋರ್ಚುಗೀಸರ ಆಳ್ವಿಕೆಯ ಗೋವೆಯಿಂದ ದಾಸ್ಯವನ್ನು ತೊರೆದು ಘಟ್ಟದ ಕಾಡುಗಳನ್ನು ಸೇರಿದವರು ಇವರಲ್ಲಿ ಅನೇಕರು. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರು ಮತದವರೂ ಇವರಲ್ಲಿದ್ದಾರೆ. ೨೦೦೩ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಇವರ ಗುರುತಿನ ವಾದ್ಯವೇ ಡಮಾಮಿ. ಟೊಳ್ಳು ಮಾಡಿದ ಮರದ ಕೊರಡಿನ ಎರಡೂ ಬಾಯಿಗಳಿಗೆ ಚರ್ಮ ಬಿಗಿದು ಅದನ್ನು ಸಿದ್ಧಪಡಿಸುವರು. ಹಿಂದೆ ಜಿಂಕೆಯ ಚರ್ಮವಿರುತ್ತಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ತರುವಾಯ ಆಡಿನ ಚರ್ಮವೇ ಬಳಕೆಗೆ ಬಂದಿತು.

ಮದುವೆಯಲ್ಲಿ, ಹಬ್ಬದಲ್ಲಿ, ಕೆಲಸ ಮುಗಿದ ಸಂಜೆಯಲ್ಲಿ ಡಮಾಮಿಯ ಸುತ್ತ ಜನ ಕೂಡುವ ರೀತಿಯನ್ನು ಗಮನಿಸಬೇಕು. ಅಲ್ಲಿ ಪ್ರೇಕ್ಷಕರೆಂಬ ಬೇರೆ ವರ್ಗವಿಲ್ಲ. ಬಾರಿಸುವವರು ಕುಳಿತೇ ಬಾರಿಸಬಹುದು. ಆದುದರಿಂದ ಮೊಣಕಾಲು ನೋವಿನ ಅಜ್ಜನೂ ನಡುವೆ ಇರಬಲ್ಲನು. ಕಾಲಿನಲ್ಲಿ ಶಕ್ತಿಯುಳ್ಳವರು ಕುಣಿಯುವರು. ಕುಣಿಯಲು ನಾಚುವ ಹುಡುಗಿಯು ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುವಳು. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಂಬಾಲಿಸುವುದರಿಂದ ಪೂರ್ತಿ ಹಾಡು ಬಾರದವನಿಗೂ ಅಲ್ಲಿ ಪಾಲುಂಟು. ಎಂಬತ್ತರ ಮುದುಕಿಗೂ ಎಂಟರ ಮಗುವಿಗೂ ಅವರವರ ಶಕ್ತಿಗೆ ತಕ್ಕ ಕೆಲಸ ದೊರೆಯುವ ಇಂಥ ಏರ್ಪಾಡನ್ನು ಯಾವ ಇಲಾಖೆಯೂ ಕಾಗದದ ಮೇಲೆ ರಚಿಸಿ ಕೊಡಲಾರದು. ಹೆಂಗಸರ ಪುಗಡಿಯಲ್ಲಿಯೂ ಇದೇ ಗುಣವಿದೆ.

ಈಚಿನ ವರ್ಷಗಳಲ್ಲಿ ದಾಂಡೇಲಿ, ಜೋಯಿಡಾ ಕಡೆಯ ಪ್ರವಾಸಿಗರ ಮುಂದೆ ಡಮಾಮಿ ಕುಣಿತವನ್ನು ತೋರಿಸುವ ಪದ್ಧತಿಯೂ ಬಂದಿದೆ. ಇದರಿಂದ ಯುವಕರ ಕೈಗೆ ನಾಲ್ಕು ಕಾಸು ಸೇರುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಪ್ರದರ್ಶನಕ್ಕೆ ಬೇಕಾಗುವುದು ಹದಿನೈದು ನಿಮಿಷದ ಕುಣಿತ, ಗಟ್ಟಿ ಕಾಲುಗಳು. ಮುದುಕರು ಅಲ್ಲಿ ಬೇಕಾಗುವುದಿಲ್ಲ. ವೇದಿಕೆಗೆ ಹೋಗುವ ತಂಡವು ತಿಂಗಳಿಗೊಮ್ಮೆಯಾದರೂ ಊರಿನ ಹಿರಿಯರ ಮುಂದೆ ಕುಳಿತು ಹೊಸದೊಂದು ಹಾಡನ್ನು ಕಲಿಯುವಂತಾದರೆ ಎರಡೂ ಕೆಲಸಗಳು ಕೂಡಿ ನಡೆದಾವು.

ಕಿವಿಯ ವಿಷಯ

ಇಲ್ಲಿ ಒಂದು ವೈದ್ಯಕೀಯ ಅಂಶವನ್ನು ಕಾರ್ಯಕರ್ತರು ಚೆನ್ನಾಗಿ ತಿಳಿದುಕೊಳ್ಳಬೇಕು. ಅರವತ್ತು ದಾಟಿದವರಲ್ಲಿ ನಾಲ್ವರಿಗೆ ಒಬ್ಬರಿಗಿಂತಲೂ ಹೆಚ್ಚು ಮಂದಿಗೆ ತೊಂದರೆಯಾಗುವಷ್ಟು ಕಿವುಡುತನ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮುಪ್ಪಿನ ಕಿವುಡುತನದಲ್ಲಿ ಎಲ್ಲ ಶಬ್ದಗಳೂ ಒಟ್ಟಿಗೆ ಮಾಯವಾಗುವುದಿಲ್ಲ. ಮೊದಲು ಹೋಗುವುದು ತೆಳುವಾದ, ಎತ್ತರದ ಶಬ್ದಗಳು. ಸ, ಶ, ಫ ಮೊದಲಾದ ಅಕ್ಷರಗಳು ಕಿವಿಗೆ ತಪ್ಪುವುವು. ‘ಸಾರು’ ಎಂದದ್ದು ‘ಯಾರು’ ಎಂದಂತೆ ಕೇಳುವುದು. ಊಟ ಬಡಿಸುವ ಮೊಮ್ಮಗಳು ‘ಸಾರು ಬೇಕೇ’ ಎಂದರೆ ಅಜ್ಜನು ಬಾಗಿಲ ಕಡೆಗೆ ನೋಡುವನು, ಮನೆಯವರೆಲ್ಲ ನಗುವರು. ಹೀಗೆ ನಾಲ್ಕು ಸಾರಿ ನಕ್ಕರೆ ಅಜ್ಜನು ಮಾತನಾಡುವುದನ್ನೇ ಬಿಡುವನು. ‘ಅವರಿಗೆ ಅರುಳುಮರುಳು’ ಎಂದು ಮನೆಯವರು ಹೇಳುವರು. ಮಕ್ಕಳ ಧ್ವನಿಯು ಸ್ವಭಾವತಃ ತೆಳುವಾದುದರಿಂದ ಮುದುಕರಿಗೆ ಎಲ್ಲಕ್ಕಿಂತ ಕಷ್ಟವಾಗಿ ಕೇಳುವುದು ಮೊಮ್ಮಕ್ಕಳ ಮಾತೇ ಎಂಬುದು ವಿಷಾದದ ಸಂಗತಿ.

ಗಡುಸಾದ, ತಗ್ಗಿನ ಶಬ್ದಗಳು ಬಹುಕಾಲ ಉಳಿಯುವುವು. ಚರ್ಮವಾದ್ಯದ ಪೆಟ್ಟು ಕಿವಿಗೆ ಕೇಳುವುದಲ್ಲದೆ ಅಂಗೈಗೂ ನೆಲಕ್ಕೂ ತಾಕುವುದು. ಮಾತಿನಲ್ಲಿ ದೂರವಾದ ಅಜ್ಜನು ತಾಳದಲ್ಲಿ ತಪ್ಪದಿರುವುದಕ್ಕೆ ಕಾರಣ ಇದೇ. ಆದುದರಿಂದ ಕಿವಿ ಮಂದವಾದ ಹಿರಿಯರೊಡನೆ ಹಾಡನ್ನು ಪ್ರಾರಂಭಿಸುವಾಗ ತಾಳದಿಂದಲೇ ಪ್ರಾರಂಭಿಸುವುದು ಮೇಲು. ಡಮಾಮಿಯೇ ಆಗಬೇಕೆಂದಿಲ್ಲ, ಹಲಗೆ, ದಮ್ಮಡಿ, ಮಗುಚಿದ ಕೊಡ, ಯಾವುದಾದರೂ ಸರಿ. ಮಕ್ಕಳು ಎದುರಿಗೆ, ಹತ್ತಿರದಲ್ಲಿ, ತುಟಿ ಕಾಣುವಂತೆ ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ಕೂಗಬೇಕಾಗಿಲ್ಲ, ನಿಧಾನವಾಗಿ ನುಡಿದರೆ ಸಾಕು. ಧ್ವನಿವರ್ಧಕವನ್ನು ದೂರವಿರಿಸಬೇಕು, ಏಕೆಂದರೆ ಮುಪ್ಪಿನ ಕಿವಿಗೆ ಮೆಲ್ಲಗಿನ ಶಬ್ದ ಕೇಳದಿದ್ದರೂ ಜೋರಾದ ಶಬ್ದವು ನೋವುಂಟುಮಾಡಬಲ್ಲುದು. ಕಿವಿಯಲ್ಲಿ ಗುಗ್ಗೆ ತುಂಬಿಕೊಂಡೇ ಎಷ್ಟೋ ಮಂದಿಗೆ ಕೇಳಿಸದಿರುವುದುಂಟು. ಕಡ್ಡಿ, ಪಿನ್ನು, ಕಾಯಿಸಿದ ಎಣ್ಣೆಗಳನ್ನು ಹಾಕದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಶ್ರವಣ ಸಾಧನದ ಅವಶ್ಯಕತೆಯಿದ್ದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು.

ಕಿರಿಯರ ಕಿವಿಗೂ ಒಂದು ಮಾತು. ಎಂಬತ್ತು ಡೆಸಿಬಲ್‌ನಷ್ಟು ಶಬ್ದವನ್ನು ವಾರಕ್ಕೆ ೪೦ ಗಂಟೆಗಳಿಗಿಂತ ಹೆಚ್ಚು ಕಾಲ ಕೇಳಿದರೆ ಕಿವಿಗೆ ಶಾಶ್ವತ ಹಾನಿಯಾದೀತು; ಶಬ್ದವು ಹೆಚ್ಚಿದಂತೆ ಈ ಅವಧಿಯು ಬೇಗನೆ ಕುಗ್ಗುವುದು. ಕಿವಿಯೊಳಗಿನ ಫೋನಿನ ತಂತಿಯನ್ನು ತೆಗೆದು ಅಜ್ಜನ ಎದುರಿಗೆ ಕುಳಿತ ಹುಡುಗನು ಅಜ್ಜನಿಗಷ್ಟೇ ಉಪಕಾರ ಮಾಡುತ್ತಿಲ್ಲ.

‘ನನಗ ಹಾಡು ಬರೂದಿಲ್ಲ’

ಹಾಡು ಹೇಳಿರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹಿರಿಯರು ಕೊಡುವ ಉತ್ತರ ಇದು. ಇದನ್ನು ನಂಬಬಾರದು. ಅವರ ಪಾಲಿಗೆ ಹಾಡೆಂಬುದು ಕೆಲಸದಿಂದ ಬೇರೆಯಾದ ವಸ್ತುವಾಗಿರಲಿಲ್ಲ. ಬೀಸುವಾಗ ಬೀಸುವ ಪದ, ತೊಟ್ಟಿಲು ತೂಗುವಾಗ ಜೋಗುಳ, ಹಸೆಯ ಮೇಲೆ ಸೋಬಾನೆ. ಮರಾಠಿಯಾಡುವ ಮನೆಗಳಲ್ಲಿ ಬೀಸುಕಲ್ಲಿನ ಮುಂದೆ ಓವಿ. ಹಿಟ್ಟಿನ ಗಿರಣಿಯು ಬಂದೊಡನೆ ಬೀಸುಕಲ್ಲು ಮೂಲೆ ಸೇರಿತು, ಅದರೊಡನೆ ಪದವೂ ಮೂಲೆ ಸೇರಿತು. ಗಿರಣಿಯು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ರೊಟ್ಟಿಗಾಗಿ ಬೆಳಗಿನ ಜಾವ ಎದ್ದು ಬೀಸಿದವರ ಭುಜವನ್ನು ಕೇಳಿದರೆ ಗಿರಣಿಯ ಉಪಕಾರ ತಿಳಿಯುವುದು.

ಆದುದರಿಂದ ಹಾಡನ್ನು ಕೇಳದೆ ಕೆಲಸವನ್ನು ಕೇಳಬೇಕು. ‘ಅಜ್ಜಿ, ನೀವು ಬೀಸೂಕಲ್ಲ ಮುಂದ ಕುಂತಾಗ ಬಾಯಿ ಸುಮ್ಮನ ಇರ್ತಿತ್ತೇನ್ರಿ?’ ಎಂದು ಮೊಮ್ಮಗಳಿಂದಲೇ ಕೇಳಿಸಬಹುದು. ಸಾಧ್ಯವಿದ್ದರೆ ಒಂದು ಹಿಡಿ ಜೋಳ ಹಾಕಿ ಬೀಸುಕಲ್ಲಿನ ಗೂಟವನ್ನು ಕೈಗೆ ಕೊಡಬೇಕು. ಕೈ ತಿರುಗಿದಂತೆ ನಾಲಗೆಯೂ ತಿರುಗುವುದು. ಎಳೆಯ ವಯಸ್ಸಿನಲ್ಲಿ ಕೆಲಸದೊಡನೆ ಕಲಿತ ಹಾಡು ಮನಸ್ಸಿನ ಬಹು ಆಳದಲ್ಲಿ ನಿಂತಿರುತ್ತದೆ. ಮರೆಗುಳಿ ರೋಗದಿಂದ ಮಗನ ಹೆಸರನ್ನೇ ಮರೆತವರೂ ಇಂಥ ಹಾಡನ್ನು ಮೊದಲಿನಿಂದ ಕಡೆಯವರೆಗೆ ಹೇಳುವುದುಂಟು. ಇದರಿಂದ ರೋಗವು ಗುಣವಾಗುವುದಿಲ್ಲ. ಹಾಗೆಂದು ಯಾರಿಗೂ ಭರವಸೆ ಕೊಡಬಾರದು. ಆದರೆ ಸ್ನಾನಕ್ಕೆ ಹಟ ಮಾಡುವವರನ್ನು ಒಪ್ಪಿಸಲು, ಸಂಜೆಯ ಕಳವಳವನ್ನು ತಗ್ಗಿಸಲು, ಪರಿಚಯವೇ ಇಲ್ಲದಂತಾದ ಮುಖದಲ್ಲಿ ಅರೆಗಳಿಗೆಯ ನಗುವನ್ನು ಕಾಣಲು ಅದು ನೆರವಾದೀತು. ಆರೈಕೆ ಮಾಡಿ ದಣಿದ ಮನೆಯವರಿಗೆ ಅಷ್ಟೂ ದೊಡ್ಡದು.

ನಾಲ್ಕು ತಾಲ್ಲೂಕುಗಳ ಮನೆಗಳು ಒಂದೇ ಬಗೆಯವಲ್ಲವೆಂಬುದನ್ನೂ ಮರೆಯಬಾರದು. ದಾಂಡೇಲಿಯಲ್ಲಿ ೧೯೫೫ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾದ ಮೇಲೆ ಹಲವು ರಾಜ್ಯಗಳ ಕಾರ್ಮಿಕರು ಬಂದು ನೆಲೆಸಿದರು. ಒಂದೇ ಸಾಲಿನ ಮನೆಗಳಲ್ಲಿ ನಾಲ್ಕು ಭಾಷೆಯ ಜೋಗುಳಗಳು ಇರಬಹುದು. ಇಂಥಲ್ಲಿ ಒಂದು ಗುಂಪಿಗೆ ಒಂದೇ ಭಾಷೆಯನ್ನು ಒತ್ತಾಯಿಸಬಾರದು. ಬೇರೆ ಬೇರೆ ಜೋಗುಳಗಳನ್ನು ಒಂದೇ ಸಂಜೆ ಕೇಳಿಸಿದರೆ ಮಕ್ಕಳು ತಾವೇ ಹೋಲಿಸಿ ನೋಡುವರು. ಜೋಯಿಡಾದಲ್ಲಿ ಕೊಂಕಣಿಯಾಡುವ ಕುಣಬಿಯರೂ ಎಮ್ಮೆ ಸಾಕುವ ಗೌಳಿಗರೂ ಚದುರಿದ ವಸತಿಗಳಲ್ಲಿದ್ದಾರೆ. ಅಲ್ಲಿ ಸಭೆ ಕರೆಯುವುದಕ್ಕಿಂತ ಹೋಳಿ, ದಸರೆಗಳ ಸಮಯವನ್ನು ಕಾಯುವುದು ಲೇಸು. ಸೂಪಾ ಅಣೆಕಟ್ಟಿನಿಂದ ಊರು ಕಳೆದುಕೊಂಡು ರಾಮನಗರ ಮೊದಲಾದೆಡೆ ನೆಲೆಸಿದ ಕುಟುಂಬಗಳಲ್ಲಿ ಹಿರಿಯರ ಹಾಡಿನೊಳಗೆ ಯಾವುದಾದರೂ ಊರಿನ ಹೆಸರು ಬಂದರೆ, ಅದು ಎಲ್ಲಿದೆ ಎಂದು ಮಗುವು ಕೇಳಲಿ. ನೀರಿನ ಕೆಳಗಿದೆ ಎಂಬ ಉತ್ತರ ಬಂದಲ್ಲಿ ಆ ದಿನ ಹಾಡು ಅಲ್ಲಿಗೇ ನಿಂತರೂ ಚಿಂತೆಯಿಲ್ಲ. ಮುಂಡಗೋಡದ ಟಿಬೆಟಿಯನ್ ವಸತಿಯು ೧೯೬೬ರಲ್ಲಿ ಪ್ರಾರಂಭವಾಯಿತು. ಹಿಮಾಲಯವನ್ನು ದಾಟಿ ಬಂದ ತಲೆಮಾರು ಅಲ್ಲಿ ಮುಪ್ಪಾಗಿದೆ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಹಾಡು, ಕುಣಿತ, ತಂತಿವಾದ್ಯಗಳನ್ನು ಶಾಲೆಯಲ್ಲಿಯೇ ಕಲಿಸುವ ಕ್ರಮವನ್ನು ಅವರು ಇಟ್ಟುಕೊಂಡಿದ್ದಾರೆ. ಕಾಣದ ದೇಶವನ್ನು ಮಕ್ಕಳು ಹಾಡಿನಿಂದಲೇ ತಿಳಿಯುವರು. ಇದನ್ನು ನೋಡಿ ಬರಲು ನಮ್ಮ ಅಂಗನವಾಡಿ ಕಾರ್ಯಕರ್ತೆಯರನ್ನು ಒಂದು ದಿನ ಕಳುಹಿಸಿದರೆ ತಪ್ಪಿಲ್ಲ.

ನೆರೆಯ ಧಾರವಾಡ ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಪದ್ಧತಿಯ ಗಾಯಕಿ. ಮಗಳು ಹಿಂದುಸ್ತಾನಿ ಸಂಗೀತವನ್ನು ಕಲಿಯುವಾಗ ಅದಕ್ಕೆ ಬೇರೆ ಪದ್ಧತಿಯ ಸೋಂಕು ತಗಲಬಾರದೆಂದು ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಮಕ್ಕಳ ವಿದ್ಯೆಗಾಗಿ ತಮ್ಮ ದನಿಯನ್ನು ಅಡಗಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಮಗುವು ಶಾಲೆಯ ಕನ್ನಡವನ್ನು, ಇಂಗ್ಲಿಷನ್ನು ಚೆನ್ನಾಗಿ ಕಲಿಯಲೆಂದು ತಮ್ಮ ಮನೆಮಾತಿನ ಹಾಡನ್ನು ನುಂಗಿಕೊಂಡ ಸಿದ್ದಿ, ಗೌಳಿ, ಕುಣಬಿ ಅಜ್ಜಿಯರು ಅಂಬಾಬಾಯಿಯವರಂತೆಯೇ ತ್ಯಾಗ ಮಾಡಿದವರು. ಅವರಿಗೆ ಯಾರೂ ಹಾಗೆ ಮಾಡಲು ಹೇಳಬೇಕಾಗಿರಲಿಲ್ಲ. ಎರಡು ಭಾಷೆ ಕೇಳಿ ಬೆಳೆದ ಮಗುವಿಗೆ ಅದರಿಂದ ಕೇಡಿಲ್ಲವೆಂದು ಅವರಿಗೆ ಬಾಯಿಬಿಟ್ಟು ತಿಳಿಸಬೇಕಾದುದು ನಮ್ಮ ಕೆಲಸ. ಇದೇ ಜಿಲ್ಲೆಯ ಅಂಕೋಲೆಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಅಡಗಿಸಿಕೊಳ್ಳದೆ ಹಾಡಿದರು, ಕಿರಿಯರಿಗೂ ಕಲಿಸಿದರು. ಅವರಿಗೆ ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಗಮನಿಸಬೇಕಾದ ಕೆಲವು ಸಂಗತಿಗಳು

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರನ್ನು ಮೊದಲು ಕಫದ ಪರೀಕ್ಷೆಗೆ ಕಳುಹಿಸಬೇಕು. ಅಲ್ಲಿಯವರೆಗೆ ಮಕ್ಕಳ ನಡುವೆ ಕುಳಿತು ಹಾಡುವುದು ಬೇಡ. ಉಬ್ಬಸ, ಎದೆನೋವು ಇರುವವರು ತಾಳ ಹಿಡಿದರೆ ಸಾಕು. ಹಾಡುತ್ತಾ ಯಾರಾದರೂ ಅತ್ತರೆ ಗಾಬರಿಗೊಂಡು ನಿಲ್ಲಿಸಬಾರದು. ನೀರು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಆದರೆ ಊಟ ನಿದ್ರೆಗಳನ್ನು ಬಿಟ್ಟು, ಬದುಕು ಸಾಕೆಂದು ಪದೇ ಪದೇ ಹೇಳುವವರಿಗೆ ಹಾಡು ಮದ್ದಲ್ಲ. ಅವರನ್ನು ವೈದ್ಯರಿಗೆ ತೋರಿಸಬೇಕು, ಇಲ್ಲವೆ ಟೆಲಿ ಮಾನಸ್ ದೂರವಾಣಿ ೧೪೪೧೬ಕ್ಕೆ ಕರೆ ಮಾಡಿಸಬೇಕು. ಮನೆಯಲ್ಲಿ ಹಿರಿಯರಿಗೆ ಹಿಂಸೆ, ಅನಾದರಗಳಾಗುತ್ತಿದ್ದಲ್ಲಿ ಹಿರಿಯರ ಸಹಾಯವಾಣಿಯ ಸಂಖ್ಯೆ ೧೪೫೬೭.

ಕೆಲವು ಹಾಡುಗಳು ದೇವರ ಕಾರ್ಯಕ್ಕೆ, ಸಾವಿನ ಮನೆಗೆ ಮೀಸಲಾಗಿರುತ್ತವೆ. ಅವನ್ನು ಹಾಡಲು ಹಿರಿಯರು ಒಪ್ಪದಿದ್ದರೆ ಒತ್ತಾಯಿಸಬಾರದು. ಫೋನಿನಲ್ಲಿ ಧ್ವನಿಮುದ್ರಣ ಮಾಡುವ ಮುನ್ನ ಕೇಳಿ ಮಾಡಬೇಕು, ಊರೆಲ್ಲ ಹಂಚುವ ಮುನ್ನ ಇನ್ನೊಮ್ಮೆ ಕೇಳಬೇಕು. ಮುದ್ರಿಸಿಕೊಂಡದ್ದು ಕಲಿತಂತಾಗುವುದಿಲ್ಲವೆಂಬುದನ್ನು ಹುಡುಗರಿಗೆ ನಯವಾಗಿ ತಿಳಿಸಬೇಕು. ಫೋನಿನಲ್ಲಿ ಹಾಡು ಸೇರಿದೊಡನೆ ಅಜ್ಜಿಯ ಬಳಿ ಮತ್ತೆ ಹೋಗುವ ಕಾರಣವಿಲ್ಲವಾಗುವ ಅಪಾಯವಿದೆ.

ಇದಕ್ಕೆ ನಾವು ಸೂಚಿಸುವ ಉಪಾಯವೆಂದರೆ ಒಂದು ನೂರು ಪುಟದ ನೋಟುಪುಸ್ತಕ. ಹಾಡನ್ನು ಮಗುವೇ ತನ್ನ ಕೈಯಿಂದ ಬರೆಯಬೇಕು. ಕೊಂಕಣಿಯಾಗಲಿ ಮರಾಠಿಯಾಗಲಿ ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ಹಾಡಿದವರ ಹೆಸರು, ಅವರು ಅದನ್ನು ಯಾರಿಂದ ಕಲಿತರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಎಂಬ ಮೂರು ಸಂಗತಿಗಳನ್ನು ಕೆಳಗೆ ಬರೆಯಬೇಕು. ಮುಂದಿನ ವಾರ ಬರೆದುದನ್ನು ಹಾಡಿದವರಿಗೇ ಓದಿ ಹೇಳಬೇಕು. ತಪ್ಪುಗಳು ಇದ್ದೇ ಇರುವುವು, ಅವರು ತಿದ್ದುವರು. ಬಿಟ್ಟುಹೋದ ಒಂದು ಸಾಲೂ ಆಗ ನೆನಪಾಗಬಹುದು. ಅದಕ್ಕಾಗಿ ಪ್ರತಿ ಪುಟದ ಬಲಬದಿಯಲ್ಲಿ ನಾಲ್ಕು ಬೆರಳಿನಷ್ಟು ಜಾಗವನ್ನು ಮೊದಲೇ ಬಿಟ್ಟಿರಬೇಕು.